ರಾಮಾಂಜಿನಯ್ಯ ಸಿಂಹ ನೋಡಲು ಹೊರಟದ್ದು

ಗುಬ್ಬಿಯ ಬಸ್ ನಿಲ್ದಾಣದ ಎದುರು, ಕೊಬ್ಬರಿ ಮಂಡಿಗೂ ಸೈಕಲ್ ಶಾಪಿಗೂ ನಡುವೆ ಸಿಕ್ಕಿಕೊಂಡಂತಿದ್ದ ಒಂದೇ ಬಾಗಿಲಿನ ಅಂಗಡಿಯಲ್ಲಿ ಟೈಲರ್ ರಾಮಾಂಜಿನಯ್ಯ ಇಪ್ಪತ್ತೆರಡು ವರ್ಷಗಳಿಂದ ಶಾಲಾ ಹುಡುಗರ ಖಾಕಿ ಚಡ್ಡಿ, ದೊಡ್ಡವರ ಪ್ಯಾಂಟು ಹೊಲಿಯುತ್ತಿದ್ದ. ಅವನ ದನಿ ಅವನ ಹೊಲಿಗೆ ಮಿಷನ್ನಿನ ಸದ್ದಿಗಿಂತ ಸಣ್ಣದು. ಅಳತೆ ತೆಗೆಯುವಾಗ "ನೆಟ್ಟಗೆ ನಿಂತ್ಕಳಿ" ಎಂದರೆ ಗಿರಾಕಿ ಕೇಳಿಸದೆ "ಏನಂದ್ರಿ?" ಎಂದು ಬಗ್ಗುತ್ತಿದ್ದ. ಬಗ್ಗಿದ ಹೊಟ್ಟೆಯ ಅಳತೆಯೇ ಪುಸ್ತಕಕ್ಕೆ ಹೋಗುತ್ತಿತ್ತು. ಗುಬ್ಬಿಯ ಅರ್ಧ ಗಂಡಸರ ಪ್ಯಾಂಟು ಸೊಂಟದಲ್ಲಿ ಎರಡಿಂಚು ಸಡಿಲವಿದ್ದದ್ದಕ್ಕೆ ರಾಮಾಂಜಿನಯ್ಯನ ಗಂಟಲೇ ಕಾರಣ.

ಮನೆಯಲ್ಲೂ ಅಷ್ಟೆ. ಹೆಂಡತಿ ಹನುಮಂತಮ್ಮ ಮದುವೆಯಾದ ಹೊಸದರಲ್ಲಿ ಗಂಡ ಮೂಗನೆಂದು ತಿಳಿದು ಮೂರು ದಿನ ಅತ್ತಿದ್ದಳಂತೆ. ನಾಲ್ಕನೆಯ ದಿನ ಊಟಕ್ಕೆ ಕೂತವನು "ಉಪ್ಪು" ಅಂದಾಗ ಅವಳಿಗೆ ಹೋದ ಜೀವ ಬಂತು. ಆಮೇಲೆ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿಕೊಂಡು ಸಂಸಾರ ಸಾಗಿಸಿದ್ದಳು.

ವರ್ಷದಲ್ಲಿ ಒಂದು ದಿನ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತಿತ್ತು. ಬೇಸಿಗೆಯಲ್ಲಿ ಊರಿನ ನಾಟಕ ಮಂಡಳಿ ಪ್ರಹ್ಲಾದನ ನಾಟಕ ಆಡುತ್ತಿತ್ತು. ಅದರಲ್ಲಿ ರಾಮಾಂಜಿನಯ್ಯನದು ನರಸಿಂಹ. ಪಾತ್ರವೇನೂ ದೊಡ್ಡದಲ್ಲ, ಒಂದು ಸಾಲು ಮಾತೂ ಇಲ್ಲ. ಬಿದಿರಿನ ಚೌಕಟ್ಟಿಗೆ ಬಟ್ಟೆ ಹೊದಿಸಿ ತಾನೇ ಹೊಲಿದ ಕಂಬದೊಳಗೆ ಎರಡೂವರೆ ಗಂಟೆ ಬೆವರುತ್ತಾ ನಿಂತಿರಬೇಕು. ಹಿರಣ್ಯಕಶಿಪು ಬಂದು ಗದೆಯಿಂದ ಬಡಿದಾಗ ಬಟ್ಟೆ ಹರಿದುಕೊಂಡು ಹೊರಬಂದು ಗರ್ಜಿಸಬೇಕು. ಆಮೇಲೆ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕರುಳು ಬಗೆಯಬೇಕು. ವೇಷ ಕಟ್ಟುವವನು ಬೆಳಗಿನಿಂದ ಉಪವಾಸವಿರಬೇಕು, ಮುಖವಾಡಕ್ಕೆ ಪೂಜೆಯಾಗಬೇಕು, ಆವೇಶ ಮಿತಿ ಮೀರಿ ಎದುರಿನವನನ್ನು ನಿಜವಾಗಿಯೇ ಸೀಳಿಬಿಟ್ಟಾನೆಂದು ಹಿಂದಿನಿಂದ ಇಬ್ಬರು ಸೊಂಟಕ್ಕೆ ಹಗ್ಗ ಬಿಗಿದು ಹಿಡಿದಿರಬೇಕು. ಇವೆಲ್ಲ ಮಂಡಳಿಯ ಕಟ್ಟುನಿಟ್ಟು. ಹಗ್ಗದ ಅಗತ್ಯವೇನೂ ಇರಲಿಲ್ಲವೆನ್ನಿ. ಹಿರಣ್ಯಕಶಿಪುವಾಗುತ್ತಿದ್ದ ಚೇಳೂರಿನ ಚಿಕ್ಕಮಾರಯ್ಯ ಎರಡು ಮೂಟೆ ಕೊಬ್ಬರಿಯ ತೂಕದ ಆಳು, ರಾಮಾಂಜಿನಯ್ಯ ಮೊಳದ ಕೋಲು. ಹದಿನೇಳು ವರ್ಷದಿಂದ ಅಪಾಯದಲ್ಲಿದ್ದದ್ದು ನರಸಿಂಹನ ತೊಡೆ.

ಆದರೆ ಆ ಒಂದು ಕೂಗಿಗೆ ಊರು ಕಾಯುತ್ತಿತ್ತು. ಮಲಗಿದ್ದ ಮಕ್ಕಳು ಎದ್ದು ಕೂರುತ್ತಿದ್ದವು. ಪ್ಯಾಂಟು ಸಡಿಲವಾದ ಗಂಡಸರು "ನಮ್ಮ ಟೈಲರ್ರು ಕಣ್ಲಾ!" ಎನ್ನುತ್ತಿದ್ದರು. ವರ್ಷಪೂರ್ತಿ ಯಾರಿಗೂ ಕೇಳಿಸದವನು ಅವತ್ತು ರೈಲ್ವೆ ಸ್ಟೇಷನ್ನಿನವರೆಗೂ ಕೇಳಿಸುತ್ತಿದ್ದ.

ಎಂಬತ್ತಾರನೆಯ ಇಸವಿಯಲ್ಲಿ ಮಂಡಳಿಗೆ ಹೊಸ ಅಧ್ಯಕ್ಷರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾಗಿದ್ದ ಅನಂತರಾಮಯ್ಯ ಮೇಷ್ಟ್ರು. ಸರಿಯಿಲ್ಲದ್ದನ್ನು ಸರಿ ಮಾಡದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಮೊದಲ ಸಭೆಯಲ್ಲೇ ಕನ್ನಡಕ ಒರೆಸಿಕೊಂಡು ಅಂದರು:

"ರಾಮಾಂಜಿನಯ್ಯ, ಬೇಜಾರು ಮಾಡ್ಕೋಬೇಡಪ್ಪ. ನೀನು ಕೂಗೋದು ಸಿಂಹ ಕೂಗೋ ಹಾಗಿಲ್ಲ. ಕರು ಕಳಕೊಂಡ ಎಮ್ಮೆ ಕೂಗೋ ಹಾಗಿದೆ."

ಸಭೆ ನಕ್ಕಿತು. ತೀರ ಜೋರಾಗಿ ನಕ್ಕವನು ಚಿಕ್ಕಮಾರಯ್ಯ. "ಅದ್ಕೇ ಮೇಷ್ಟ್ರೆ, ನಂಗೆ ಇವ್ನ ತೊಡೆ ಮೇಲ್ ಮಲಗಿದ್ರೆ ಹಾಲು ಕರೆಯಂಗಾಯ್ತದೆ!"

ಮಂಡಳಿಯ ಕಾರ್ಯದರ್ಶಿ ಸುಬ್ಬಕೃಷ್ಣ ತಾಲ್ಲೂಕು ಕಚೇರಿಯ ಗುಮಾಸ್ತ, ಹಾರ್ಮೋನಿಯಂ ನುಡಿಸುವವನು. ಅವನು ಇಂಥದ್ದಕ್ಕೇ ಕಾದಿದ್ದವನಂತೆ ಹೇಳಿದ: "ಸರ್, ನಮ್ಮ ಭಾವ ಮಸ್ಕತ್ತಿಂದ ಟೂ-ಇನ್-ಒನ್ ತಂದುಕೊಟ್ಟಿದಾರೆ. ಬನ್ನೇರುಘಟ್ಟದಲ್ಲಿ ಸಿಂಹದ ಸಫಾರಿ ಇದೆಯಲ್ಲ, ಹೋಗಿ ನಿಜವಾದ ಗರ್ಜನೇನೇ ರೆಕಾರ್ಡ್ ಮಾಡ್ಕೊಂಡು ಬರ್ತೀನಿ. ಮೈಕ್ ಮುಂದೆ ಇಟ್ಟು ಹಾಕಿದ್ರೆ ಆಯ್ತು. ರಾಮಾಂಜಿನಯ್ಯ ಬಾಯಿ ತೆರೆದರೆ ಸಾಕು."

ಬಾಯಿ ತೆರೆದರೆ ಸಾಕು. ರಾಮಾಂಜಿನಯ್ಯ ಅವತ್ತು ಅಂಗಡಿಗೆ ಹೋಗಿ ಒಂದು ಚಡ್ಡಿಗೆ ಮೂರು ಜೇಬು ಹೊಲಿದ. ಮನೆಗೆ ಬಂದು, ಮುದ್ದೆ ತೊಳಸುತ್ತಿದ್ದ ಹನುಮಂತಮ್ಮನ ಬೆನ್ನಿಗೆ ವಿಷಯ ತಿಳಿಸಿದ. ಅವಳು ಕೋಲು ನಿಲ್ಲಿಸಲಿಲ್ಲ.

"ಬಾಯಿ ತೆರೆಯಾಕೆ ನೀನ್ಯಾಕೆ? ಕೆರೆಯಾಗೆ ಕಪ್ಪೆ ಬೇಕಾದಷ್ಟವೆ."

"ಅದ್ನೇ ನಾನೂ ಅನ್ಕಂಡೆ" ಅಂದ ಅವನು.

"ಅನ್ಕಂಡ್ರೆ? ಅಲ್ಲಿ ಅನ್ನಬೇಕಿತ್ತು. ಹದಿನೇಳು ವರ್ಷ ನೀನು ಉಪಾಸ ಇದ್ದೀಯ, ನಿನ್ ಜೊತೆಗೆ ನಾನೂ ಇದೀನಿ. ಬಾವಿಕಟ್ಟೆ ಮೇಲೆ ನೀನು ಕೂಗಿ ಕೂಗಿ ಪಕ್ಕದ ಮನೆ ಹಸ ಹಾಲು ಬತ್ತಿಸ್ಕಂಡು, ಅವ್ರ ಕೈಲಿ ನಾನು ಉಗಿಸ್ಕಂಡಿದೀನಿ. ಈಗ ಆ ಡಬ್ಬ ಬಂದು ಕೂಗ್ತದಾ? ಹೋಗು, ಆ ಸಿಂಹ ಎಂಗ್ ಕೂಗ್ತದೋ ನೀನೇ ಕಲ್ತ್ಕಂಡು ಬಾ."

ಮರುದಿನ ರಾಮಾಂಜಿನಯ್ಯ ಮೇಷ್ಟ್ರ ಮನೆಯ ಜಗಲಿಯಲ್ಲಿ ನಿಂತು ಜೀವನದ ಅತ್ಯಂತ ಉದ್ದದ ಮಾತು ಆಡಿದ. ತಾನೂ ಬರುತ್ತೇನೆ, ಸಿಂಹವನ್ನು ಕಂಡು ಕೇಳಿ ಕಲಿಯುತ್ತೇನೆ, ವಾಪಸು ಬಂದ ಮೇಲೆ ರಿಹರ್ಸಲ್ಲಿನಲ್ಲಿ ಟೇಪನ್ನೂ ಹಾಕಿ, ತನ್ನನ್ನೂ ಕೂಗಿಸಿ, ಯಾವುದು ಮೇಲೆನ್ನುತ್ತೀರೋ ಅದೇ ಕಂಬದಿಂದ ಬರಲಿ. ಮೇಷ್ಟ್ರು ಮೂರು ಸಲ "ಏನಂದೆ?" ಎಂದು ಕೇಳಿ ಅರ್ಥ ಮಾಡಿಕೊಂಡು, "ವೈಜ್ಞಾನಿಕವಾಗಿದೆ" ಎಂದು ಒಪ್ಪಿದರು.

ಪ್ರಯಾಣದ ಯೋಜನೆ ನಡೆದದ್ದು ರಾಮಾಂಜಿನಯ್ಯನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಹಲಗೆಯ ಮೇಲೆ. ಗಾಡಿ ಚಿಕ್ಕಮಾರಯ್ಯನದು. ಕೊಬ್ಬರಿ ಸಾಗಿಸುವ ಮೆಟಡಾರ್. "ನನ್ನ ಬಗೆಯೋನು ಎಂಗ್ ಕೂಗ್ತಾನೆ ಅಂತ ನಾನೂ ನೋಡ್ಬೇಕಲ್ಲ" ಎಂಬುದು ಅವನು ಹೊರಡಲು ಕೊಟ್ಟ ಕಾರಣ. ಸಾಬೂನು ಚಾಕಿನಿಂದ ಹಲಗೆಯ ಮೇಲೆ ಗುಬ್ಬಿ, ತುಮಕೂರು, ಬೆಂಗಳೂರು, ಬನ್ನೇರುಘಟ್ಟ ಎಂದು ನಾಲ್ಕು ಚುಕ್ಕಿ ಇಟ್ಟು ಒಂದು ನೇರ ಗೆರೆ ಎಳೆದದ್ದಾಯಿತು. ಅಲ್ಲಿಗೇ ಸುಮ್ಮನಾಗಿದ್ದರೆ ಅವರು ಗುಬ್ಬಿಯವರೇ ಅಲ್ಲ.

"ದೇವರಾಯನದುರ್ಗ ದಾರೀಲೇ ಇದೆ" ಅಂದ ಸುಬ್ಬಕೃಷ್ಣ. "ನರಸಿಂಹಸ್ವಾಮಿ ಅಪ್ಪಣೆ ಇಲ್ಲದೆ ಸಿಂಹ ನೋಡೋಕೆ ಹೋಗೋದು ಚೆನ್ನಾಗಿರಲ್ಲ. ಐದು ನಿಮಿಷ."

"ದಾರೀಲಿ ಎಲ್ಲೈತೆ ಸ್ವಾಮಿ? ಬೆಟ್ಟ ಹತ್ತಿ ಇಳೀಬೇಕು" ಅಂದ ಚಿಕ್ಕಮಾರಯ್ಯ. "ಹಂಗಾದ್ರೆ ನಮ್ಮ ಯಡಿಯೂರೂ ದಾರೀಲೇ ಐತೆ. ಕುಣಿಗಲ್ ಮೇಲೆ ಹೋಗ್ಬುಡಾನ. ನನ್ ಹೆಂಡ್ರು ಹರಕೆ ಒಂದೈತೆ."

"ಯಡಿಯೂರು ಕುಣಿಗಲ್‌ನಿಂದ ಹಿಂದಕ್ಕಿದೆ ಕಣಯ್ಯಾ."

"ಹಿಂದಕ್ಕೆ ಹೋಗಿ ಮುಂದಕ್ಕೆ ಬಂದ್ರಾಯ್ತು. ಗಾಡಿ ನಂದು."

ಮೇಷ್ಟ್ರು ದೇವರ ವಿಷಯದಲ್ಲಿ ತಟಸ್ಥರು. ಆದರೆ ಅಷ್ಟು ದೂರ ಹೋಗಿ ಸಾವನದುರ್ಗದ ಬಂಡೆಯನ್ನು ನೋಡದಿರುವುದು ಭೂಗರ್ಭಶಾಸ್ತ್ರಕ್ಕೆ ಮಾಡುವ ಅವಮಾನವೆಂದರು. ಹನುಮಂತಮ್ಮ ಕಾಫಿ ತಂದವಳು, ತಾನೂ ಬರುವುದಾಗಿ ತಿಳಿಸಿ, "ಬನ್ನೇರುಘಟ್ಟದಾಗೇ ಚಂಪಕಧಾಮ ಸ್ವಾಮಿ ಅವ್ನೆ. ಬಾಗಿಲಲ್ಲಿ ಇರೋ ದೇವ್ರನ್ನ ಬುಟ್ಟು ಒಳಗಿರೋ ಮೃಗ ನೋಡಾಕಾಯ್ತದಾ?" ಎಂದು ಕೇಳಿ ಹೋದಳು. ಚಾಕಿನ ನೇರ ಗೆರೆ ಹೊತ್ತು ಮುಳುಗುವುದರೊಳಗೆ ಕಾಜಾ ಹೊಲಿದಂತೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಹಲಗೆಯನ್ನೆಲ್ಲ ತುಂಬಿತು. ರಾಮಾಂಜಿನಯ್ಯ ಸಿಂಹದ ಚುಕ್ಕಿ ಅಳಿಸಿಹೋಗದಂತೆ ಅದರ ಮೇಲೆ ತನ್ನ ಕತ್ತರಿಯನ್ನು ಇಟ್ಟುಕೊಂಡು ಕೂತಿದ್ದ.

ದಿನ ಗೊತ್ತು ಮಾಡುವುದು ಸುಬ್ಬಕೃಷ್ಣನ ಪಾಲಿಗೆ ಬಂತು. ಪಂಚಾಂಗ ತಿರುವಿ ಅವನು ಹೇಳಿದ: "ನರಸಿಂಹನ ನಕ್ಷತ್ರ ಸ್ವಾತಿ. ಸಿಂಹ ದರ್ಶನಕ್ಕೆ ಅದಕ್ಕಿಂತ ಪ್ರಶಸ್ತ ಇನ್ನೊಂದಿಲ್ಲ. ಬರೋ ಮಂಗಳವಾರ ಸ್ವಾತಿ ಇದೆ. ಮೂರರಿಂದ ನಾಲ್ಕೂವರೆ ರಾಹುಕಾಲ, ಅಷ್ಟು ಹೊತ್ತು ಬಿಟ್ಟು ಯಾವಾಗ ಬೇಕಾದರೂ ಒಳಗೆ ಹೋಗಬಹುದು."

"ಮಂಗಳವಾರ ಯಾರಾನ ಮನೆ ಬುಟ್ಟು ಹೊರಡ್ತಾರಾ?" ಎಂದು ಕಾಫಿ ಲೋಟ ಒಯ್ಯಲು ಬಂದ ಹನುಮಂತಮ್ಮ ಕೇಳಿದಳು.

ಅದಕ್ಕೂ ದಾರಿಯಿತ್ತು. ಸೋಮವಾರ ಒಳ್ಳೆಯ ಗಳಿಗೆಯಲ್ಲಿ ಪ್ರಸ್ಥಾನ ಇಟ್ಟರಾಯಿತು. ಅಂದರೆ ಹೊರಡುವವನ ಒಂದು ವಸ್ತುವನ್ನು ಹಿಂದಿನ ದಿನವೇ ಮನೆಯಿಂದಾಚೆ ದಾಟಿಸಿ ಬೇರೊಬ್ಬರ ಮನೆಯಲ್ಲಿ ಇರಿಸುವುದು. ಆಮೇಲೆ ಮನುಷ್ಯ ಯಾವ ದಿನ ಹೊರಟರೂ ದೋಷವಿಲ್ಲ. ಸೋಮವಾರ ಬೆಳಿಗ್ಗೆ ರಾಮಾಂಜಿನಯ್ಯನ ಅಳತೆಪಟ್ಟಿಯೊಳಗೆ ಒಂದು ಅಡಿಕೆ, ಒಂದು ಅರಿಶಿನದ ಕೊನೆ ಸುತ್ತಿ ಪಕ್ಕದ ಸೈಕಲ್ ಶಾಪಿನಲ್ಲಿ ಪಂಪಿನ ಪಕ್ಕ ಇಟ್ಟು ಬಂದರು. ಪಂಚಾಂಗದ ಪ್ರಕಾರ ರಾಮಾಂಜಿನಯ್ಯ ಆಗಲೇ ಪ್ರಯಾಣದಲ್ಲಿದ್ದ. ಅಳತೆಪಟ್ಟಿಯಿಲ್ಲದೆ ಅವತ್ತು ಗೇಣಿನಲ್ಲಿ ಅಳೆದು ಹೊಲಿದ.

ಹೀಗೆ ದೇವರು, ರಾಹು, ನಕ್ಷತ್ರ ಎಲ್ಲರ ಅನುಕೂಲವನ್ನೂ ಕೇಳಿದರು. ಸಿಂಹಗಳಿಗೆ ಯಾವತ್ತು ಬಿಡುವೆಂದು ಮಾತ್ರ ಯಾರೂ ಕೇಳಲಿಲ್ಲ.

ಮಂಗಳವಾರ ಕೋಳಿ ಕೂಗುವ ಹೊತ್ತಿಗೆ ಮೆಟಡಾರ್ ಹೊರಟಿತು. ಮುಂದೆ ಚಿಕ್ಕಮಾರಯ್ಯ, ಪಕ್ಕದಲ್ಲಿ ಮೇಷ್ಟ್ರು. ಹಿಂದೆ ಗೋಣಿತಾಟಿನ ಮೇಲೆ ಗಂಡಹೆಂಡಿರು, ಮಗುವನ್ನು ಎತ್ತಿಕೊಂಡಂತೆ ಟೂ-ಇನ್-ಒನ್ ಎತ್ತಿಕೊಂಡ ಸುಬ್ಬಕೃಷ್ಣ. ಸಿಂಹವನ್ನು ಕಾಣುವವರೆಗೆ ಉಪವಾಸವೆಂದು ರಾಮಾಂಜಿನಯ್ಯ ತೀರ್ಮಾನಿಸಿದ್ದ. ನಾಟಕದ ದಿನದ ನೇಮವೇ ಇವತ್ತೂ. ತುಮಕೂರಿನ ಶಿರಾ ಗೇಟಿನಲ್ಲಿ ಒಂದು ಅಂಗಡಿಯವನನ್ನು ಎಬ್ಬಿಸಿ ಸುಬ್ಬಕೃಷ್ಣ ಆರು ಹೊಸ ಸೆಲ್ ಹಾಕಿಸಿದ. ದೇವರಾಯನದುರ್ಗದಲ್ಲಿ "ಸೌಂಡ್ ಟೆಸ್ಟ್" ಎಂದು ಗಂಟೆಯ ಸದ್ದು ಹಿಡಿದ. ಅದು ಚೆನ್ನಾಗಿ ಬಂದದ್ದರಿಂದ ಮಂಗಳಾರತಿಯನ್ನೂ ಹಿಡಿದ. ಹಿಡಿದದ್ದನ್ನು ಬೆಟ್ಟ ಇಳಿಯುವವರೆಗೂ ಎಲ್ಲರಿಗೂ ಕೇಳಿಸಿದ. ಕುಣಿಗಲ್ಲಿಗೆ ಬಂದಾಗ ಬಿಸಿಲು ಏರಿತ್ತು. ಕುದುರೆ ಫಾರಂನ ಬೇಲಿಯಾಚೆ ನಾಲ್ಕು ಕುದುರೆ ಮೇಯುತ್ತಿದ್ದವು.

"ಕುದ್ರೆ ನೋಡ್ಕಂಡು ವಾಪಸ್ ಹೋಗ್ಬುಡಾನ ಮೇಷ್ಟ್ರೆ. ಅದಕ್ಕೂ ಕೇಸರ ಐತೆ" ಅಂದ ಚಿಕ್ಕಮಾರಯ್ಯ.

"ನೀನು ಗಾಡಿ ಓಡಿಸಯ್ಯ."

ಯಡಿಯೂರಿನಲ್ಲಿ ಹರಕೆಯ ಮುಡಿ ಕೊಡಬೇಕಾಗಿದ್ದದ್ದು ಚಿಕ್ಕಮಾರಯ್ಯನೇ ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಹೆಂಡತಿ ಹರಸಿಕೊಂಡದ್ದು ಗಂಡನ ತಲೆಯನ್ನು. ಹಿರಣ್ಯಕಶಿಪು ನುಣ್ಣಗೆ ಬೋಳಾಗಿ ಬಂದು ಸ್ಟೀರಿಂಗ್ ಹಿಡಿದ. ಸಾವನದುರ್ಗದಲ್ಲಿ ಮೇಷ್ಟ್ರು ಬಂಡೆಯ ವಯಸ್ಸು ಹೇಳಿದರು. ಅದು ಬಹಳ ಹೊತ್ತು ಹಿಡಿಯಿತು. ಬೆಂಗಳೂರಿನಲ್ಲಿ ಎರಡು ಸಲ ದಾರಿ ತಪ್ಪಿ, ಮೂರು ಸಲ ಬೈಸಿಕೊಂಡು, ಬನ್ನೇರುಘಟ್ಟ ಮುಟ್ಟುವಾಗ ರಾಹುಕಾಲ ಕಳೆದು ಹೊತ್ತಾಗಿತ್ತು. "ಸರಿಯಾದ ಗಳಿಗೆ!" ಎಂದು ಸುಬ್ಬಕೃಷ್ಣ ಗಡಿಯಾರ ನೋಡಿಕೊಂಡ. ಚಂಪಕಧಾಮನಿಗೆ ಕೈಮುಗಿದು, ಉದ್ಯಾನದ ಬಾಗಿಲಿಗೆ ಬಂದರೆ ಸರಪಳಿ ಬಿಗಿದು ಬೀಗ ಹಾಕಿತ್ತು. ಪಕ್ಕದಲ್ಲಿ ಕಾವಲಿನವನೊಬ್ಬ ಬೀಡಿ ಸೇದುತ್ತಿದ್ದ.

"ಇವತ್ತು ಮಂಗಳವಾರ ಅಲ್ವಾ ಯಜಮಾನ್ರೆ. ವಾರದ ರಜಾ."

"ಸಿಂಹಕ್ಕೆ ರಜಾನಾ?" ಚಿಕ್ಕಮಾರಯ್ಯ ಕಿಟಕಿಯಿಂದ ಬೋಳುತಲೆ ಹೊರಹಾಕಿದ. "ಅದೇನ್ ತಾಲ್ಲೂಕಾಫೀಸಾ?"

"ಸಿಂಹಕ್ಕಲ್ಲ, ನಮ್ಗೆ."

ಹನುಮಂತಮ್ಮ ಇಳಿದು ಹೋದಳು. "ಅಪ್ಪಾ, ಗುಬ್ಬಿಯಿಂದ ಬಂದಿದೀವಿ. ನಮ್ ಯಜಮಾನ್ರು ಬೆಳಗಿಂದ ನೀರೂ ಮುಟ್ಟಿಲ್ಲ. ಒಂದೇ ಒಂದು ಸಿಂಹ ತೋರ್ಸು. ಮರಿ ಆದ್ರೂ ಸರಿ."

"ಅಕ್ಕಾ, ಇವತ್ತು ಒಳಕ್ಕೆ ಯಾರನ್ನೂ ಬಿಡಂಗಿಲ್ಲ. ನಾಳೆ ಬನ್ನಿ."

ನಾಳೆ ಎನ್ನುವುದಕ್ಕೆ ಮೆಟಡಾರ್ ಒಪ್ಪುವಂತಿರಲಿಲ್ಲ. ಬುಧವಾರ ಬೆಳಿಗ್ಗೆ ತಿಪಟೂರಿನ ಸಂತೆಗೆ ಕೊಬ್ಬರಿ ತುಂಬಬೇಕಿತ್ತು. ಈಗಂತೂ ಎಂಜಿನ್ನು ಕಾದು ಹೊಗೆಯಾಡುತ್ತಿತ್ತು, ಆರುವವರೆಗೆ ಕದಲುವಂತಿರಲಿಲ್ಲ. ಬೇಲಿಯ ಈಚೆ ಹುಣಸೆಮರವೊಂದರ ಕೆಳಗೆ ಗೋಣಿತಾಟು ಹಾಸಿದರು. ಹನುಮಂತಮ್ಮ ಪುಳಿಯೋಗರೆಯ ಗಂಟು ಬಿಚ್ಚಿ ಮುತ್ತುಗದೆಲೆಗೆ ಬಡಿಸಿದಳು. ರಾಮಾಂಜಿನಯ್ಯ ಎಲೆಯನ್ನು ಹಿಂದಕ್ಕೆ ಸರಿಸಿದ.

"ತಿನ್ನೋ" ಅಂದ ಚಿಕ್ಕಮಾರಯ್ಯ. "ಸಿಂಹವೇ ಇವತ್ತು ರಜಾ ಹಾಕೈತೆ. ನೀನ್ಯಾಕ್ ಡ್ಯೂಟಿ ಮಾಡ್ತೀಯ?"

"ಕಂಡಿಲ್ವಲ್ಲ" ಅಂದ ರಾಮಾಂಜಿನಯ್ಯ, ಎಂದಿನ ಸಣ್ಣ ದನಿಯಲ್ಲಿ. ನಾಳೆಯೋ ನಾಡಿದ್ದೋ ಸುಬ್ಬಕೃಷ್ಣ ಮಂಗಳವಾರವಲ್ಲದ ಒಂದು ದಿನ ಬಂದು ರೆಕಾರ್ಡು ಮಾಡಿಕೊಂಡು ಹೋಗುತ್ತಾನೆ, ಆಗ ತನ್ನನ್ನು ಯಾರು ಕರೆಯುತ್ತಾರೆ ಎಂದು ಅವನು ಒಳಗೇ ಹೊಲಿಗೆ ಬಿಚ್ಚುತ್ತಿದ್ದ.

ಹನುಮಂತಮ್ಮನಿಗೆ ಗಂಡನ ಎಲೆ ಖಾಲಿಯಿರುವುದು ನೋಡಿ ಸಿಟ್ಟು ಬಂತು. ಅದಕ್ಕೆ ಯಾರಾದರೂ ಒಬ್ಬರು ಬೇಕಾಗಿತ್ತು.

"ಮೇಷ್ಟ್ರೆ, ಒಂದ್ ಮಾತು. ನೀವು ಸಿಂಹ ಕೂಗಿದ್ದು ಎಲ್ಲಿ ಕೇಳಿದ್ದು?"

"ಇಲ್ಲೇ. ಹೋದ ವರ್ಷದ ಹಿಂದಿನ ವರ್ಷ ಹುಡುಗರನ್ನ ಕರ್ಕೊಂಡು ಬಂದಿದ್ದೆನಲ್ಲ."

"ಇಲ್ಲಿ ಕೂಗ್ತಾ?"

ಮೇಷ್ಟ್ರು ಪುಳಿಯೋಗರೆಯಲ್ಲಿ ಕಡಲೆಬೀಜ ಹುಡುಕಿದರು. ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. "ಕೂಗಲಿಲ್ಲ. ಹನ್ನೊಂದು ಗಂಟೆ ಬಿಸಿಲು. ಎಲ್ಲ ಮಲಗಿದ್ವು."

"ಮತ್ತೆ?"

"ಮೆಜೆಸ್ಟಿಕ್ ಹತ್ರ ಥಿಯೇಟರಿನಲ್ಲಿ, ಇಂಗ್ಲಿಷ್ ಸಿನಿಮಾ ಶುರುವಾಗೋಕೆ ಮುಂಚೆ ಒಂದು ಸಿಂಹ ತಲೆ ತಿರುಗಿಸಿ ಕೂಗುತ್ತಲ್ಲ..."

ಚಿಕ್ಕಮಾರಯ್ಯನಿಗೆ ಅನ್ನ ನೆತ್ತಿಗೆ ಹತ್ತಿತು. ಬೋಳುತಲೆಯ ಮೇಲೆ ಸುಬ್ಬಕೃಷ್ಣ ಪಟಪಟ ತಟ್ಟಿದ. ಹನುಮಂತಮ್ಮ "ಟಾಕೀಸ್ ಸಿಂಹ!" ಎಂದು ಆಕಾಶಕ್ಕೆ ಹೇಳಿದಳು. ಮೇಷ್ಟ್ರು ಏನೋ ಸಮಜಾಯಿಷಿ ಕೊಡಲು ಬಾಯಿ ತೆರೆದರು.

ಆಗ ಅದು ಬಂತು.

ಮೊದಲು ಸದ್ದೆಂದು ಯಾರಿಗೂ ತಿಳಿಯಲಿಲ್ಲ. ಗೋಣಿತಾಟಿನ ಕೆಳಗೆ ನೆಲ ಏನನ್ನೋ ನೆನಪು ಮಾಡಿಕೊಂಡಂತಾಯಿತು. ಆಮೇಲೆ ಬೇಲಿಯಾಚೆ, ಮುತ್ತುಗದ ಮರಗಳ ಆಚೆ, ಮುಳುಗುತ್ತಿದ್ದ ಬೆಳಕಿನ ಆಚೆಯಿಂದ ಒಂದು ಉದ್ದನೆಯ ಕೂಗು ಎದ್ದಿತು. ಎರಡನೆಯದು ಅದಕ್ಕಿಂತ ದೊಡ್ಡದು. ಮೂರನೆಯದಕ್ಕೆ ಹುಣಸೆಮರದ ಗಿಳಿಗಳೆಲ್ಲ ಬಾಯಿ ಮುಚ್ಚಿಕೊಂಡವು.

"ಟೇಪು! ಟೇಪು!" ಸುಬ್ಬಕೃಷ್ಣ ಎಂಜಲು ಕೈಯಲ್ಲೇ ಗುಂಡಿ ಒತ್ತಿದ. ಚಕ್ರ ಅರ್ಧ ಸುತ್ತು ತಿರುಗಿ, ಒಂದು ಸಲ ಏದುಸಿರು ಬಿಟ್ಟು, ನಿಂತುಬಿಟ್ಟಿತು. ದೇವರಾಯನದುರ್ಗದ ಗಂಟೆ, ಯಡಿಯೂರಿನ ವಾಲಗ, ಮಾಗಡಿ ದಾರಿಯುದ್ದಕ್ಕೂ ಚಿಕ್ಕಮಾರಯ್ಯ ಹಾಕಿಸಿಕೊಂಡ ಸಿನಿಮಾ ಹಾಡು ಎಲ್ಲ ಸೇರಿ ಆರು ಸೆಲ್ಲುಗಳನ್ನೂ ಕುಡಿದು ಮುಗಿಸಿದ್ದವು. ಅವನು ಸೆಲ್ಲು ಬಿಚ್ಚಿ ಅಂಗಿಗೆ ಉಜ್ಜಿ ಮತ್ತೆ ಹಾಕುತ್ತಿದ್ದ.

ರಾಮಾಂಜಿನಯ್ಯ ಎದ್ದು ನಿಂತಿದ್ದ. ಅವನು ಕೇಳುತ್ತಿದ್ದದ್ದು ದೊಡ್ಡ ಕೂಗುಗಳನ್ನಲ್ಲ. ಅವು ಮುಗಿದ ಮೇಲೂ ಅದು ಮುಗಿದಿರಲಿಲ್ಲ. ಉಹ್... ಉಹ್... ಉಹ್... ಎಂದು ಒಂದರ ಹಿಂದೊಂದು ತುಂಡು ತುಂಡಾದ ಉಸಿರು, ಮರ ಕೊಯ್ಯುವ ಗರಗಸದಂತೆ, ಪ್ರತಿ ಸಲವೂ ಮೊದಲಿಗಿಂತ ಗಿಡ್ಡ, ಮೊದಲಿಗಿಂತ ಒರಟು. ಇನ್ನೇನು ಮುಗಿಯಿತು ಎನ್ನುವಾಗ ಮತ್ತೊಂದು. ಅವನಿಗೆ ಈ ಸದ್ದು ಗೊತ್ತಿತ್ತು.

ಅವನ ಅಪ್ಪನೂ ನರಸಿಂಹನ ವೇಷ ಕಟ್ಟುತ್ತಿದ್ದವನೇ. ಕೊನೆಕೊನೆಗೆ ಉಬ್ಬಸ ಹಿಡಿದು, ಒಂದು ಕೂಗು ಕೂಗಿದರೆ ಮುಂದೆ ಹತ್ತು ಸಲ ಹೀಗೇ ಎದೆ ಹರಿಯುವಂತೆ ಏದುತ್ತಿದ್ದ. ಕೊನೆಯ ವರ್ಷ ಅದನ್ನು ಕೇಳಿ ಜನ ಕಿಸಕ್ಕನೆ ನಕ್ಕಿದ್ದರು. ಪರದೆಯ ಪಕ್ಕದಲ್ಲಿ ನಿಂತಿದ್ದ ಹರೆಯದ ಮಗ ನಾಚಿಕೆಯಿಂದ ಭೂಮಿಗಿಳಿದುಹೋಗಿದ್ದ. ಪಾತ್ರ ತನ್ನ ಕೈಗೆ ಬಂದಾಗ ರಾಮಾಂಜಿನಯ್ಯ ಮಾಡಿದ ಮೊದಲ ಕೆಲಸ ಆ ಬಾಲವನ್ನು ಕತ್ತರಿಸಿ ಹಾಕಿದ್ದು. ಒಂದೇ ಉಸಿರು, ಒಂದೇ ಕೂಗು, ಅಂಚು ಮಡಿಸಿ ಹೊಲಿದಂತೆ ಅಚ್ಚುಕಟ್ಟು. ಅದನ್ನೇ ಊರು ಹದಿನೇಳು ವರ್ಷ ಮೆಚ್ಚಿತ್ತು. ಈಗ ಬೇಲಿಯಾಚೆ ಕಾಣದ ಒಂದು ಮೃಗ, ಯಾರ ನಗುವಿಗೂ ಹೆದರದೆ, ಅವನ ಅಪ್ಪನ ಹಾಗೆ ಏದುತ್ತಿತ್ತು.

ಸದ್ದು ನಿಂತಿತು. ಎಷ್ಟು ಹೊತ್ತಿಗೆ ನಿಂತಿತೆಂದು ಅವನಿಗೆ ಹೇಳಲಾಗುತ್ತಿರಲಿಲ್ಲ.

"ಕಾಣಲಿಲ್ವಲ್ಲ" ಎಂದು ಹನುಮಂತಮ್ಮ ಮೆಲ್ಲಗೆ ಅಂದಳು. ಮೆಲ್ಲಗೆ ಮಾತಾಡಿದ್ದು ಅವಳು ಅದೇ ಮೊದಲು.

ರಾಮಾಂಜಿನಯ್ಯ ಕೂತು ಎಲೆಯನ್ನು ಹತ್ತಿರ ಎಳೆದುಕೊಂಡ. "ಬಡ್ಸು" ಅಂದ. ಎರಡು ಸಲ ಬಡಿಸಿಕೊಂಡು ಉಂಡ.

ಗುಬ್ಬಿಗೆ ಬಂದ ಮೇಲಿನ ಎಂಟು ದಿನ ಬಾವಿಕಟ್ಟೆಯ ಮೇಲೆ ನಡೆದದ್ದನ್ನು ಅಕ್ಕಪಕ್ಕದವರು ಕಾಯಿಲೆ ಅಂದುಕೊಂಡರು. ಒಬ್ಬರು ಕಷಾಯ ಕಳಿಸಿದರು, ಇನ್ನೊಬ್ಬರು ತುಮಕೂರಿನ ಎದೆ ಡಾಕ್ಟರ ಹೆಸರು ಬರೆದು ಕಳಿಸಿದರು. ಹನುಮಂತಮ್ಮ ಕಷಾಯವನ್ನು ತಾನೇ ಕುಡಿದು ಚೊಂಬು ವಾಪಸು ಕೊಟ್ಟಳು.

ಅತ್ತ ಸುಬ್ಬಕೃಷ್ಣ ಸುಮ್ಮನಿರಲಿಲ್ಲ. ಬೆಂಗಳೂರಿನ ಗೆಳೆಯನೊಬ್ಬನಿಂದ ಕ್ಯಾಸೆಟ್ ತರಿಸಿದ್ದ. ಅದರಲ್ಲಿ ಯಾವುದೋ ಸಿನಿಮಾದ ಸಿಂಹ ಒಂದು ಸಲ ಭರ್ಜರಿಯಾಗಿ ಗುಡುಗುತ್ತಿತ್ತು. ರಿಹರ್ಸಲ್ಲಿನ ಸಂಜೆ ಶಾಲೆಯ ಹಾಲಿನಲ್ಲಿ ನಲವತ್ತು ಐವತ್ತು ಜನ ಸೇರಿದರು. ಕಂಬದ ಬದಲಿಗೆ ಕಪ್ಪು ಹಲಗೆ ನಿಲ್ಲಿಸಿದ್ದರು. ಮೊದಲು ಟೇಪು. ಅದು ಗುಡುಗಿದ ಕೂಡಲೇ ಜನ ಚಪ್ಪಾಳೆ ತಟ್ಟಿದರು, ಶಿಳ್ಳೆ ಹಾಕಿದರು. ಮೇಷ್ಟ್ರು ಚಪ್ಪಾಳೆ ತಟ್ಟಲಿಲ್ಲ.

"ಈಗ ನಮ್ಮ ಟೈಲರ್ರು" ಅಂದ ಸುಬ್ಬಕೃಷ್ಣ.

ಚಿಕ್ಕಮಾರಯ್ಯ ಹಲಗೆಗೆ ಗದೆಯಿಂದ ಬಡಿದ. ಹಿಂದಿನಿಂದ ರಾಮಾಂಜಿನಯ್ಯ ಬಂದ. ಮುಖವಾಡವಿಲ್ಲ, ಕೊರಳಲ್ಲಿ ಅಳತೆಪಟ್ಟಿ. ಒಂದು ಸಲ ಕೂಗಿದ. ಎರಡು ಸಲ, ಮೂರು ಸಲ. ಜನಕ್ಕೆ ಸಮಾಧಾನವಾಯಿತು, ನಮ್ಮದೇ ಹಳೇ ಕೂಗು ಎಂದು ಚಪ್ಪಾಳೆಗೆ ಕೈ ಎತ್ತಿದರು. ಅಷ್ಟರಲ್ಲಿ ಅವನು ಚಿಕ್ಕಮಾರಯ್ಯನ ತೋಳು ಹಿಡಿದು ತೊಡೆಯ ಮೇಲೆ ಕೆಡವಿಕೊಂಡು ಏದಲು ಶುರು ಮಾಡಿದ.

"ಇದೇನ್ಲಾ, ದಮ್ಮು ಕಟ್ಟಿದ ಮುದುಕನಂಗೆ!" ಎಂದು ಬಾಗಿಲ ಕಡೆಯಿಂದ ಯಾರೋ ಅಂದರು. ನಗು ಹಬ್ಬಿತು. ಅಪ್ಪನಿಗೆ ಸಿಕ್ಕಿದ್ದೂ ಇದೇ ನಗು, ಇದೇ ಊರಿನದು. ರಾಮಾಂಜಿನಯ್ಯನ ಕಿವಿ ಕೆಂಪಾದವು. ಈಗ ನಿಲ್ಲಿಸಿಬಿಟ್ಟರೆ ಆಗುತ್ತಿತ್ತು, ಅಂಚು ಮಡಿಸಿಬಿಡಬಹುದಿತ್ತು.

ನಿಲ್ಲಿಸಲಿಲ್ಲ. ಉಹ್... ಉಹ್... ಮೇಷ್ಟ್ರು ಎದ್ದು ನಿಂತು, ತರಗತಿಯಲ್ಲಿ ಮಾಡುತ್ತಿದ್ದ ಹಾಗೆ, ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು. ನಗು ಅಲ್ಲಿಂದ ಹಿಂದಕ್ಕೆ ಸೇದಿಕೊಂಡಿತು. ಉಹ್... ಪ್ರತಿ ಉಸಿರೂ ಹಿಂದಿನದಕ್ಕಿಂತ ಗಿಡ್ಡವಾಗುತ್ತಾ, ಹತ್ತಿರವಾಗುತ್ತಾ ಬಂತು. ಮುಂದಿನ ಬೆಂಚಿನಲ್ಲಿದ್ದ ಮಗುವೊಂದು ಅಮ್ಮನ ಸೆರಗಿನೊಳಗೆ ಹೋಯಿತು. ಸುಬ್ಬಕೃಷ್ಣನ ಕೈ ಹಾರ್ಮೋನಿಯಂ ಮೇಲೆ ಇಟ್ಟಲ್ಲೇ ಇತ್ತು. ಹದಿನೇಳು ವರ್ಷದಿಂದ ಆ ತೊಡೆಯ ಮೇಲೆ ಮಲಗಿ ಹಲ್ಲು ಕಿಸಿಯುತ್ತಿದ್ದ ಚಿಕ್ಕಮಾರಯ್ಯನ ಹಣೆಯಲ್ಲಿ ಬೆವರು ಮೂಡಿ, ಬೋಳುತಲೆಯ ಮೇಲೆ ಹರಿದು ಹಿಂದಕ್ಕೆ ಹೋಯಿತು.

ಒಂದು ಉಸಿರು ಬಂತು. ಇನ್ನೊಂದು ಬರಲಿಲ್ಲ. ಚಪ್ಪಾಳೆಗೆ ಎತ್ತಿದ ಕೈಗಳು ಎತ್ತಿದ ಹಾಗೇ ಇದ್ದವು. ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

"ಏನ್ಲಾ" ಎಂದು ಚಿಕ್ಕಮಾರಯ್ಯ ತುಟಿ ಅಲುಗಿಸದೆ ಪಿಸುಗುಟ್ಟಿದ. "ಮುಗೀತಾ?"

"ಇಲ್ಲ" ಅಂದ ರಾಮಾಂಜಿನಯ್ಯ. "ಸುಮ್ಕೆ ಮಲಗು."

ಆ ಮಾತು ಅವನ ಎಂದಿನ ಸಣ್ಣ ದನಿಯಲ್ಲೇ ಇತ್ತು. ಕೊನೆಯ ಬೆಂಚಿಗೂ ಕೇಳಿಸಿತು.